ಲೂ ವಿಟೇಕರ್‌ಗೆ ಹಾಲ್ ಆಫ್ ಫೇಮ್ ಸಲ್ಲಬೇಕೇ? ಒಂದು ಪ್ರಕರಣ ಅಧ್ಯಯನ

2001ರ ಜನವರಿಯಲ್ಲಿ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಮತದಾನದ ಫಲಿತಾಂಶ ಬಂತು. ಮತ ಹಾಕಿದವರು 515 ಮಂದಿ ಕ್ರೀಡಾ ಪತ್ರಕರ್ತರು. ಡೆಟ್ರಾಯ್ಟ್ ಟೈಗರ್ಸ್ ತಂಡದಲ್ಲೇ ತಮ್ಮ 19 ಸೀಸನ್‌ಗಳನ್ನೂ ಆಡಿ ಮುಗಿಸಿದ್ದ ಸೆಕೆಂಡ್ ಬೇಸ್‌ಮನ್ (ಎರಡನೇ ಬೇಸ್ ಬಳಿ ನಿಲ್ಲುವ ಫೀಲ್ಡರ್) ಲೂ ವಿಟೇಕರ್ ಅವರಿಗೆ ಸಿಕ್ಕಿದ್ದು 15 ಮತ. ಅಂದರೆ ಶೇ 2.9. ಅವರ ಹೆಸರು ಮತಪಟ್ಟಿಗೆ ಬಂದದ್ದು ಅದೇ ಮೊದಲು. ಶೇ 5ರಷ್ಟು ಮತ ಸಿಗದವರ ಹೆಸರು ಪತ್ರಕರ್ತರ ಮುಂದೆ ಮತ್ತೆ ಬರುವುದಿಲ್ಲ ಅನ್ನೋದು ನಿಯಮ. ಹಾಗಾಗಿ ಅದೇ ಕೊನೆಯದ್ದೂ ಆಯಿತು. ಇನ್ನು 11 ಜನ ಅವರ ಹೆಸರಿನ ಮುಂದೆ ಗುರುತು ಹಾಕಿದ್ದರೆ ಮುಂದಿನ ವರ್ಷಕ್ಕಾದರೂ ಉಳಿಯುತ್ತಿದ್ದರು.

ವಿಟೇಕರ್ ಆ ಗೌರವಕ್ಕೆ ಅರ್ಹರು ಅನ್ನೋದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಅವರ ವಿರುದ್ಧ ಇರುವ ವಾದಗಳಲ್ಲೂ ಹುರುಳಿದೆ, ಅವುಗಳನ್ನೂ ಮುಂದಿಡುತ್ತೇನೆ. ಆದರೆ ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಬೇರೆಯೇ. ಎರಡೂ ಕಡೆಯ ವಾದ ಶುರುವಾಗುವ ಮೊದಲೇ ಕಡತ ಮುಚ್ಚಿಹೋಯಿತು.

ಆಯ್ಕೆ ಹೇಗೆ ನಡೆಯುತ್ತದೆ

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಪುಟ್ಟ ಊರಿನಲ್ಲಿ ಈ ಹಾಲ್ ಆಫ್ ಫೇಮ್ ಇದೆ. ಮೊದಲ ಆಯ್ಕೆ ನಡೆದದ್ದು 1936ರಲ್ಲಿ, ಕಟ್ಟಡದ ಬಾಗಿಲು ತೆರೆದದ್ದು 1939ರಲ್ಲಿ. ಆಯ್ಕೆಯಾದ ಪ್ರತಿಯೊಬ್ಬರ ಹೆಸರಿನಲ್ಲೂ ಅಲ್ಲಿ ಒಂದು ಕಂಚಿನ ಫಲಕ ಇರುತ್ತದೆ. ಆಟಗಾರ ಕನಿಷ್ಠ 10 ಸೀಸನ್ ಆಡಿರಬೇಕು, ನಿವೃತ್ತಿಯಾಗಿ 5 ವರ್ಷ ಕಳೆದಿರಬೇಕು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷ ಸದಸ್ಯರಾಗಿದ್ದವರಿಗೆ ಮತದ ಹಕ್ಕು. ಒಬ್ಬರು ಹೆಚ್ಚೆಂದರೆ 10 ಹೆಸರು ಆರಿಸಬಹುದು. ಒಳಗೆ ಹೋಗಲು ಶೇ 75 ಮತ ಬೇಕು. ವಿಟೇಕರ್ ಕಾಲದಲ್ಲಿ ಒಂದು ಹೆಸರು 15 ವರ್ಷ ಪಟ್ಟಿಯಲ್ಲಿ ಉಳಿಯಬಹುದಿತ್ತು, ಈಗ ಅದು 10 ವರ್ಷಕ್ಕೆ ಇಳಿದಿದೆ.

ಯಾವ ಅಳತೆಗೋಲು ಹಿಡಿಯಬೇಕು ಅನ್ನೋದಕ್ಕೆ ನಿಯಮದಲ್ಲಿ ಸಿಗುವುದು ಬರೀ ಒಂದು ಸಾಲು. ಆಟಗಾರನ ದಾಖಲೆ, ಆಟದ ಸಾಮರ್ಥ್ಯ, ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆ, ತಂಡಕ್ಕೆ ಕೊಟ್ಟ ಕೊಡುಗೆ, ಇವನ್ನೆಲ್ಲ ನೋಡಿ ಮತ ಹಾಕಿ ಅನ್ನುತ್ತದೆ ಅದು. ಇಷ್ಟು ರನ್, ಇಷ್ಟು ಹಿಟ್ ಅಂತ ಎಲ್ಲೂ ಇಲ್ಲ. ಉಳಿದದ್ದು ಮತ ಹಾಕುವವರ ವಿವೇಚನೆಗೆ ಬಿಟ್ಟದ್ದು. ಬರೀ ವಿವೇಚನೆಯ ಮೇಲೆ ತೀರ್ಮಾನ ಆಗಬೇಕಾದಾಗ ಚರ್ಚೆಗೆ ಸಮಯ ಬೇಕಾಗುತ್ತದೆ ಅಲ್ವಾ?

ಆಟಗಾರ

ವಿಟೇಕರ್ ಹುಟ್ಟಿದ್ದು 1957ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ. 1975ರಲ್ಲಿ ಟೈಗರ್ಸ್ ಅವರನ್ನು ಆರಿಸಿಕೊಂಡಾಗ ಅವರು ಥರ್ಡ್ ಬೇಸ್ ಆಟಗಾರ. ತಂಡದವರು ಅವರನ್ನು ಸೆಕೆಂಡ್ ಬೇಸ್‌ಗೆ ತಂದರು. ಅದೇ ಹೊತ್ತಿಗೆ ಕಿರಿಯರ ತಂಡದಲ್ಲಿ ಅಲನ್ ಟ್ರ್ಯಾಮೆಲ್ ಅನ್ನೋ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಜೊತೆಯಾದರು. 1977ರ ಸೆಪ್ಟೆಂಬರ್ 9ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಇಬ್ಬರೂ ಒಂದೇ ಪಂದ್ಯದಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟರು.

ಅಲ್ಲಿಂದ 1995ರವರೆಗೆ ಆ ಜೋಡಿ ಒಡೆಯಲಿಲ್ಲ. ಸೆಕೆಂಡ್ ಬೇಸ್ ಮತ್ತು ಶಾರ್ಟ್‌ಸ್ಟಾಪ್ ಜಾಗಗಳಲ್ಲಿ ಒಟ್ಟಿಗೆ 1,918 ಪಂದ್ಯ ಆಡಿದರು. ಬೇಸ್‌ಬಾಲ್ ನೋಡದವರಿಗೆ ಈ ಅಂಕಿ ಸುಮ್ನೆ ಒಂದು ದಾಖಲೆಯಂತೆ ಕಾಣಬಹುದು. ಅದರ ಹಿಂದೆ ಇರುವ ಕೆಲಸವನ್ನು ನೋಡಿ. ಬ್ಯಾಟರ್ ಚೆಂಡನ್ನು ನೆಲದ ಮೇಲೆ ಹೊಡೆದ. ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಎದುರಾಳಿ ಸೆಕೆಂಡ್ ಬೇಸ್ ಕಡೆ ಓಡುತ್ತಿದ್ದಾನೆ. ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಸೆಕೆಂಡ್ ಬೇಸ್ ಕಡೆ ಎಸೆಯುತ್ತಾನೆ. ಸೆಕೆಂಡ್ ಬೇಸ್‌ಮನ್ ಓಡಿ ಬಂದು ಅದನ್ನು ಹಿಡಿಯಬೇಕು, ಕಾಲಲ್ಲಿ ಬೇಸ್ ಮುಟ್ಟಬೇಕು, ಮೈ ತಿರುಗಿಸಿ ಫಸ್ಟ್ ಬೇಸ್‌ಗೆ ಎಸೆಯಬೇಕು. ಇದೆಲ್ಲ ನಡೆಯುವಾಗ ಎದುರಾಳಿ ಓಟಗಾರ ಅವನ ಕಾಲಿಗೇ ಗುರಿಯಿಟ್ಟು ಜಾರಿಕೊಂಡು ಬರುತ್ತಿರುತ್ತಾನೆ. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಇದೇ ಡಬಲ್ ಪ್ಲೇ. ಈ ಕೆಲಸದಲ್ಲಿ ಸೆಕೆಂಡ್ ಬೇಸ್‌ಮನ್‌ಗಳ ಮೊಣಕಾಲು, ಪಾದ ಬೇಗ ಸವೆಯುತ್ತವೆ. ಆಗಿನ ನಿಯಮ ಓಟಗಾರನಿಗೆ ಇವತ್ತಿಗಿಂತ ಹೆಚ್ಚು ಸಲಿಗೆ ಕೊಟ್ಟಿತ್ತು. ಅಂಥ ಜಾಗದಲ್ಲಿ ವಿಟೇಕರ್ 2,308 ಪಂದ್ಯ ನಿಂತರು. ಫೀಲ್ಡಿಂಗ್‌ಗೆ ಇಳಿದಾಗಲೆಲ್ಲ ಅವರು ನಿಂತದ್ದು ಅದೊಂದೇ ಜಾಗದಲ್ಲಿ.

ಪ್ರಶಸ್ತಿಗಳೂ ಬಂದವು. 1978ರಲ್ಲಿ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ. ಆಮೇಲೆ 5 ಸಲ ಲೀಗ್‌ನ ಆಯ್ದ ಆಟಗಾರರ ಆಲ್ ಸ್ಟಾರ್ ತಂಡದಲ್ಲಿ ಸ್ಥಾನ, ಫೀಲ್ಡಿಂಗ್‌ಗೆ 3 ಗೋಲ್ಡ್ ಗ್ಲವ್, ಬ್ಯಾಟಿಂಗ್‌ಗೆ 4 ಸಿಲ್ವರ್ ಸ್ಲಗ್ಗರ್. 1984ರಲ್ಲಿ ಟೈಗರ್ಸ್ ಮೊದಲ 40 ಪಂದ್ಯಗಳಲ್ಲಿ 35 ಗೆದ್ದು, ಕೊನೆಗೆ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ವಿರುದ್ಧ ವರ್ಲ್ಡ್ ಸೀರೀಸ್ ಗೆದ್ದಿತು. ಆ ತಂಡದಲ್ಲಿ ಮೊದಲು ಬ್ಯಾಟ್ ಹಿಡಿದು ಹೋಗುತ್ತಿದ್ದವರು ವಿಟೇಕರ್.

ವೃತ್ತಿಜೀವನದ ಒಟ್ಟು ಲೆಕ್ಕ ಹೀಗಿದೆ: 2,390 ಪಂದ್ಯ, 2,369 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದ್ದು), 244 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬಂದದ್ದು), 1,386 ರನ್, 1,084 ಆರ್‌ಬಿಐ (ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್), ಬ್ಯಾಟಿಂಗ್ ಸರಾಸರಿ (ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್ ಸಿಕ್ಕ ಪ್ರಮಾಣ) .276.

ಅಂಕಿಗಳ ಒಳಗೆ ಇಳಿದರೆ

.276 ಅನ್ನೋ ಸರಾಸರಿಯೇ ಅವರಿಗೆ ಮುಳುವಾಯಿತು ಅಂತ ನನಗನ್ನಿಸುತ್ತದೆ. ಆ ಕಾಲದ ಪತ್ರಕರ್ತರ ಕಣ್ಣು ಮೊದಲು ಹೋಗುತ್ತಿದ್ದದ್ದು ಅದರ ಮೇಲೆ. .300 ದಾಟಿದೆಯಾ, 3,000 ಹಿಟ್ ಇದೆಯಾ, 500 ಹೋಮ್ ರನ್ ಇದೆಯಾ? ವಿಟೇಕರ್ ಹತ್ತಿರ ಇದ್ಯಾವುದೂ ಇಲ್ಲ.

ಆದರೆ ಬ್ಯಾಟಿಂಗ್ ಸರಾಸರಿ ಹೇಳದ ಒಂದು ದೊಡ್ಡ ಸಂಗತಿ ಇದೆ. ಅದು ವಾಕ್. ಪಿಚರ್ ಸರಿಯಾದ ಜಾಗಕ್ಕೆ ಎಸೆಯದ ಚೆಂಡನ್ನು ಬ್ಯಾಟರ್ ಮುಟ್ಟದೆ ಬಿಟ್ಟರೆ, ಅಂಥ ನಾಲ್ಕು ಚೆಂಡಿಗೆ ಅವನಿಗೆ ಫಸ್ಟ್ ಬೇಸ್ ಸಿಗುತ್ತದೆ. ರಾಹುಲ್ ದ್ರಾವಿಡ್ ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಡುವುದನ್ನು ಗಂಟೆಗಟ್ಟಲೆ ನೋಡಿದವರಿಗೆ ಈ ಕಲೆಯ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವಿಟೇಕರ್ 1,197 ಸಲ ಹೀಗೆ ಬೇಸ್ ಗಿಟ್ಟಿಸಿದರು. ಆ 1,197 ಸಲವೂ ಅವರು ಔಟಾಗಲಿಲ್ಲ, ತಂಡಕ್ಕೆ ಒಬ್ಬ ಓಟಗಾರನನ್ನು ಕೊಟ್ಟರು. ಬ್ಯಾಟಿಂಗ್ ಸರಾಸರಿಯ ಲೆಕ್ಕದಲ್ಲಿ ಇವು ಸೇರುವುದೇ ಇಲ್ಲ. ಇವನ್ನೂ ಸೇರಿಸಿ ಬೇಸ್ ತಲುಪಿದ ಪ್ರಮಾಣ ನೋಡಿದರೆ ಅವರದ್ದು .363.

ಈಗ ಅದೇ ಕಾಲದ ರೈನ್ ಸ್ಯಾಂಡ್‌ಬರ್ಗ್ ಅವರನ್ನು ಪಕ್ಕಕ್ಕಿಡೋಣ. ಶಿಕಾಗೊ ಕಬ್ಸ್ ತಂಡದ ಸೆಕೆಂಡ್ ಬೇಸ್‌ಮನ್, 2005ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಅವರ ಹಿಟ್ 2,386, ಹೋಮ್ ರನ್ 282, ಸರಾಸರಿ .285. ಮೂರರಲ್ಲೂ ವಿಟೇಕರ್‌ಗಿಂತ ಒಂದು ಹೆಜ್ಜೆ ಮುಂದೆ. ಆದರೆ ಅವರು ವಾಕ್ ಪಡೆದದ್ದು 761 ಸಲ, ಬೇಸ್ ತಲುಪಿದ ಪ್ರಮಾಣ .344. ಮೈದಾನದ ಗಾತ್ರ, ಆ ಕಾಲದ ಆಟದ ರೀತಿ ಎಲ್ಲವನ್ನೂ ಸರಿದೂಗಿಸಿ, ಸಾಧಾರಣ ಬ್ಯಾಟರ್‌ಗೆ 100 ಅಂತ ಇಟ್ಟು ಮಾಡುವ ಒಂದು ಲೆಕ್ಕ ಇದೆ. ಅದನ್ನು ಒಪಿಎಸ್ ಪ್ಲಸ್ ಅನ್ನುತ್ತಾರೆ. ಅದರಲ್ಲಿ ಸ್ಯಾಂಡ್‌ಬರ್ಗ್ 114, ವಿಟೇಕರ್ 117. ಹಾಲ್‌ನಲ್ಲಿರುವ ಇನ್ನಿಬ್ಬರು ಸೆಕೆಂಡ್ ಬೇಸ್‌ಮನ್‌ಗಳಾದ ರಾಬರ್ಟೊ ಅಲೊಮಾರ್ 116, ಕ್ರೇಗ್ ಬಿಜಿಯೊ 112.

ಬ್ಯಾಟಿಂಗ್, ಓಟ, ಫೀಲ್ಡಿಂಗ್ ಮೂರನ್ನೂ ಕೂಡಿಸಿ ನೋಡುವ ಅಳತೆ ವಾರ್. ಯಾವ ತಂಡಕ್ಕೂ ಸುಲಭವಾಗಿ ಸಿಗುವ ಒಬ್ಬ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದುಕೊಟ್ಟ ಅನ್ನೋದು ಅದರ ಪ್ರಶ್ನೆ. ಬೇಸ್‌ಬಾಲ್ ರೆಫರೆನ್ಸ್ ತಾಣದ ಲೆಕ್ಕದಂತೆ ಸ್ಯಾಂಡ್‌ಬರ್ಗ್ 68, ಅಲೊಮಾರ್ 67, ಬಿಜಿಯೊ 65.5. ಜೊತೆಗಾರ ಟ್ರ್ಯಾಮೆಲ್ 70.7. ವಿಟೇಕರ್ 75.1. ಈ ಅಳತೆಯೇ ಅಂತಿಮ ಅಂತ ನಾನು ವಾದಿಸುವುದಿಲ್ಲ. ಹಳೆಯ ಕಾಲದ ಫೀಲ್ಡಿಂಗ್ ಲೆಕ್ಕದಲ್ಲಿ ಅಂದಾಜು ಸಾಕಷ್ಟಿರುತ್ತದೆ, ಒಂದೆರಡು ಅಂಕದ ವ್ಯತ್ಯಾಸಕ್ಕೆ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಆದರೆ ಒಳಗಿರುವ ಮೂವರಿಗಿಂತ ಸ್ಪಷ್ಟವಾಗಿ ಮೇಲಿರುವ ಆಟಗಾರನಿಗೆ ನೂರಕ್ಕೆ ಮೂರು ಮತವೂ ಬೀಳಲಿಲ್ಲ ಅಂದರೆ, ಅದನ್ನು ಅಂದಾಜಿನ ತಪ್ಪು ಅಂತ ತಳ್ಳಿಹಾಕಲು ಆಗುವುದಿಲ್ಲ.

ವಿರುದ್ಧದ ವಾದಗಳು

ವಿಟೇಕರ್ ಬೇಡ ಅನ್ನುವವರ ಹತ್ತಿರ ಮೂರು ಒಳ್ಳೆಯ ವಾದಗಳಿವೆ.

ಮೊದಲನೆಯದು ಅವರ ಆಟದ ಶಿಖರ. ಹಾಲ್ ಆಫ್ ಫೇಮ್ ಅಂದರೆ ಒಂದು ಕಾಲವನ್ನು ಆಳಿದವರ ಮನೆ, ಬಹುಕಾಲ ಚೆನ್ನಾಗಿ ಆಡಿದವರ ಮನೆಯಲ್ಲ ಅಂತ ಹಲವರು ನಂಬುತ್ತಾರೆ. ವಿಟೇಕರ್ ಯಾವ ಪ್ರಮುಖ ಅಂಕಿಯಲ್ಲೂ ಒಂದು ವರ್ಷವೂ ಲೀಗ್‌ಗೆ ಮೊದಲಿಗರಾಗಲಿಲ್ಲ. ವರ್ಷದ ಅತ್ಯುತ್ತಮ ಆಟಗಾರನ ಆಯ್ಕೆಯಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 1983ರ ಎಂಟನೆಯದು. ಆ ವರ್ಷ ಅವರ ಸರಾಸರಿ .320, ಹಿಟ್ 206. ಸ್ಯಾಂಡ್‌ಬರ್ಗ್ 1984ರಲ್ಲಿ ಆ ಪ್ರಶಸ್ತಿಯನ್ನೇ ಗೆದ್ದರು, ಜೊತೆಗೆ 9 ಗೋಲ್ಡ್ ಗ್ಲವ್. ಅತ್ಯುತ್ತಮ ಏಳು ವರ್ಷಗಳನ್ನು ಮಾತ್ರ ಕೂಡಿಸಿ ನೋಡುವ ಲೆಕ್ಕದಲ್ಲೂ ವಿಟೇಕರ್, ಹಾಲ್‌ನಲ್ಲಿರುವ ಸೆಕೆಂಡ್ ಬೇಸ್‌ಮನ್‌ಗಳ ಸರಾಸರಿಗಿಂತ ಕೆಳಗೇ ಇದ್ದಾರೆ. ಇದು ನಿಜ, ಇದನ್ನು ಮುಚ್ಚಿಡಬಾರದು.

ಎರಡನೆಯದು ಎಡಗೈ ಪಿಚರ್‌ಗಳು. ವಿಟೇಕರ್ ಎಡಗೈ ಬ್ಯಾಟರ್. ಎಡಗೈ ಪಿಚರ್ ಎದುರು ಅವರ ಆಟ ಅಷ್ಟಕ್ಕಷ್ಟೇ. ವಯಸ್ಸಾದಂತೆ ಮ್ಯಾನೇಜರ್ ಸ್ಪಾರ್ಕಿ ಆ್ಯಂಡರ್ಸನ್ ಅಂಥ ದಿನಗಳಲ್ಲಿ ಅವರನ್ನು ಹೊರಗೆ ಕೂರಿಸುವುದು ಹೆಚ್ಚಾಯಿತು. ಕಷ್ಟದ ದಿನ ಬೆಂಚಿನ ಮೇಲೆ ಕುಳಿತವರ ಒಟ್ಟು ಲೆಕ್ಕ ಚೆನ್ನಾಗಿ ಕಾಣುವುದು ಸಹಜ ಅನ್ನೋದು ಈ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಹೊರಗೆ ಕೂತ ದಿನ ಅವರ ಹೆಸರಿಗೆ ಹಿಟ್ಟೂ ಸೇರುವುದಿಲ್ಲ, ರನ್ನೂ ಸೇರುವುದಿಲ್ಲ, ವಾರ್ ಲೆಕ್ಕವೂ ಬೆಳೆಯುವುದಿಲ್ಲ. ಅಷ್ಟು ದಿನ ಕಳೆದುಕೊಂಡೂ 75 ತಲುಪಿದರು ಅನ್ನೋದನ್ನೂ ಹೇಳಬೇಕು.

ಮೂರನೆಯದು ಹೆಸರು, ಪ್ರಸಿದ್ಧಿ. ಆ ಸಂಸ್ಥೆಯ ಹೆಸರಿನಲ್ಲೇ ಕೀರ್ತಿ ಇದೆ. ವಿಟೇಕರ್ ಸುದ್ದಿಗಾರರ ಜೊತೆ ಹೆಚ್ಚು ಬೆರೆಯದ, ಮಿತಭಾಷಿ ಮನುಷ್ಯ. ಅವರ ಬಗ್ಗೆ ಡೆಟ್ರಾಯ್ಟ್ ಹೊರಗೆ ಜನ ನೆನಪಿಟ್ಟುಕೊಂಡ ಕಥೆಗಳು ಆಟದವಲ್ಲ. 1985ರ ಆಲ್ ಸ್ಟಾರ್ ಪಂದ್ಯಕ್ಕೆ ಅವರು ತಮ್ಮ ಸಮವಸ್ತ್ರವನ್ನೇ ಮರೆತು ಹೋಗಿದ್ದರು. ಅಂಗಡಿಯಲ್ಲಿ ಅಭಿಮಾನಿಗಳಿಗೆ ಮಾರುವ ಅಂಗಿ ತಂದು, ಅದರ ಬೆನ್ನಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ 1 ಅಂತ ಬರೆದು ಆಡಿದರು. ಆ ಅಂಗಿ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. 1994ರ ಆಟಗಾರರ ಮುಷ್ಕರದ ಸಮಯದಲ್ಲಿ ಅವರು ಸಂಘದ ಸಭೆಗೆ ಉದ್ದನೆಯ ಲಿಮೋಸಿನ್ ಕಾರಿನಲ್ಲಿ ಬಂದಿಳಿದದ್ದು ದೊಡ್ಡ ಸುದ್ದಿಯಾಯಿತು. 1986ರ ಆಲ್ ಸ್ಟಾರ್ ಪಂದ್ಯದಲ್ಲಿ, ಆಗ ಎಲ್ಲರೂ ಹೆದರುತ್ತಿದ್ದ ಡ್ವೈಟ್ ಗೂಡನ್ ಎಸೆತಕ್ಕೆ ಅವರು ಹೊಡೆದ ಹೋಮ್ ರನ್ ಎಷ್ಟು ಜನರ ನೆನಪಿನಲ್ಲಿದೆ? ಅಂಗಿಯ ಕಥೆ ಮಾತ್ರ ಎಲ್ಲರಿಗೂ ಗೊತ್ತು.

ಮೂರನೆಯ ವಾದವನ್ನು ನಾನು ಒಪ್ಪುವುದಿಲ್ಲ. ಪತ್ರಕರ್ತರೇ ಒಬ್ಬರ ಬಗ್ಗೆ ಕಡಿಮೆ ಬರೆದು, ಆಮೇಲೆ ಅವರಿಗೆ ಹೆಸರು ಸಾಲದು ಅಂತ ಪತ್ರಕರ್ತರೇ ಹೇಳುವುದು ನ್ಯಾಯವಲ್ಲ. ಎರಡನೆಯದರ ತೂಕ ಸ್ವಲ್ಪ. ಮೊದಲನೆಯದರ ತೂಕ ಜಾಸ್ತಿ. ಹಾಗಿದ್ದರೂ ನನ್ನ ತೀರ್ಮಾನ ವಿಟೇಕರ್ ಪರ ಯಾಕೆ?

ಅವರ ಆಟದ ಸ್ವರೂಪವೇ ಕಾರಣ. 1982ರಿಂದ ನಿವೃತ್ತಿಯವರೆಗೆ ಒಂದು ವರ್ಷವೂ ಅವರ ಬ್ಯಾಟಿಂಗ್ ಲೀಗ್‌ನ ಸಾಧಾರಣ ಮಟ್ಟಕ್ಕಿಂತ ಕೆಳಗೆ ಇಳಿಯಲಿಲ್ಲ. 38ನೇ ವಯಸ್ಸಿನಲ್ಲಿ, ಕೊನೆಯ ಸೀಸನ್‌ನಲ್ಲಿ, 84 ಪಂದ್ಯಗಳಲ್ಲಿ .293 ಸರಾಸರಿ, 14 ಹೋಮ್ ರನ್. ಬೇರೆ ಸೆಕೆಂಡ್ ಬೇಸ್‌ಮನ್‌ಗಳು ಮೂವತ್ತೈದಕ್ಕೆ ಮೈ ಸೋತು ಮನೆಗೆ ಹೋಗುವ ಜಾಗದಲ್ಲಿ ನಿಂತು ಇದನ್ನು ಮಾಡಿದರು. ಒಂದು ವರ್ಷ ಮಿಂಚಿ ಪ್ರಶಸ್ತಿ ಗೆಲ್ಲುವುದು ದೊಡ್ಡದು. ಹದಿನಾಲ್ಕು ವರ್ಷ ಒಂದು ಸಲವೂ ಕೆಳಗಿಳಿಯದೆ ಇರುವುದೂ ಅಷ್ಟೇ ದೊಡ್ಡದು, ಅದು ಇನ್ನೂ ಅಪರೂಪ. ತಂಡಕ್ಕೆ ಸಿಗುವ ಗೆಲುವು ಈ ಎರಡರಲ್ಲಿ ಯಾವುದರಿಂದ ಬಂದರೂ ಒಂದೇ.

15 ಮತ ಯಾಕೆ?

ಆ ವರ್ಷದ ಪಟ್ಟಿ ಬಲವಾಗಿತ್ತು. ಡೇವ್ ವಿನ್‌ಫೀಲ್ಡ್ ಮತ್ತು ಕರ್ಬಿ ಪಕೆಟ್ ಇಬ್ಬರೂ ಮೊದಲ ಯತ್ನದಲ್ಲೇ ಆಯ್ಕೆಯಾದರು. ಹಳಬರಲ್ಲಿ ಗ್ಯಾರಿ ಕಾರ್ಟರ್, ಜಿಮ್ ರೈಸ್, ಬರ್ಟ್ ಬ್ಲೈಲೆವನ್ ಕಾಯುತ್ತಿದ್ದರು. ಅದೇ ವರ್ಷ ಮೊದಲ ಸಲ ಬಂದ ನ್ಯೂಯಾರ್ಕ್ ಯಾಂಕೀಸ್‌ನ ಡಾನ್ ಮ್ಯಾಟಿಂಗ್ಲಿಗೆ ಶೇ 28.2 ಮತ ಸಿಕ್ಕಿತು. ಮ್ಯಾಟಿಂಗ್ಲಿ ವಾರ್ 42ರ ಆಸುಪಾಸು. ನಾಲ್ಕೈದು ವರ್ಷ ಬೆಂಕಿಯಂತೆ ಆಡಿ, ಬೆನ್ನುನೋವಿನಿಂದ ಕುಗ್ಗಿದವರು, ನ್ಯೂಯಾರ್ಕ್‌ನ ಕಣ್ಮಣಿ. ಅವರಿಗೆ ಬಿದ್ದ ಮತ ನನಗೆ ಬೇಸರ ತರುವುದಿಲ್ಲ. ಆದರೆ ಅದೇ ದಿನ ಅದೇ ಜನ ಹಾಕಿದ ಮತದಲ್ಲಿ ಹತ್ತು ಪಟ್ಟು ಅಂತರ ಬಂದದ್ದು ನೋಡಿದರೆ, ಅಳೆದದ್ದು ಏನನ್ನು ಅನ್ನೋ ಪ್ರಶ್ನೆ ಏಳುತ್ತದೆ.

2001ರಲ್ಲಿ ವಾರ್ ಲೆಕ್ಕ ಎಲ್ಲರ ಬೆರಳ ತುದಿಯಲ್ಲಿ ಇರಲಿಲ್ಲ. ವಾಕ್‌ಗಳ ಬೆಲೆ ಬಲ್ಲವರು ಕಡಿಮೆ ಇದ್ದರು. ಆ ಪತ್ರಕರ್ತರು ತಮ್ಮ ಕೈಯಲ್ಲಿದ್ದ ಅಳತೆಗೋಲಿನಿಂದ ಅಳೆದರು, ಅವರನ್ನು ಅದಕ್ಕಾಗಿ ಬೈಯಲಾರೆ. ಅಳತೆ ಸುಧಾರಿಸುವವರೆಗೆ ಕಾಯಲು ಶೇ 5ರ ನಿಯಮ ಬಿಡಲಿಲ್ಲ, ನನ್ನ ದೂರು ಇರುವುದು ಅದರ ಮೇಲೆ.

ಕಾಯುವುದರಿಂದ ಏನಾಗುತ್ತದೆ ಅನ್ನೋದಕ್ಕೆ ಬ್ಲೈಲೆವನ್ ಇದ್ದಾರೆ. 1998ರಲ್ಲಿ ಶೇ 17.5ರಿಂದ ಶುರುವಾದ ಅವರ ಮತ, ಹದಿನಾಲ್ಕನೇ ಯತ್ನದಲ್ಲಿ, 2011ರಲ್ಲಿ, ಶೇ 79.7ಕ್ಕೆ ಏರಿ ಅವರು ಒಳಗೆ ಹೋದರು. ನಿವೃತ್ತರಾದ ಪಿಚರ್ ಆ ಹದಿಮೂರು ವರ್ಷದಲ್ಲಿ ಒಂದು ಚೆಂಡನ್ನೂ ಎಸೆದಿರಲಿಲ್ಲ. ಓದಿದವರು, ವಾದಿಸಿದವರು, ಮನಸ್ಸು ಬದಲಿಸಿದವರು ಪತ್ರಕರ್ತರು. ಸ್ಕಾಟ್ ರೋಲನ್ 2018ರಲ್ಲಿ ಶೇ 10.2ರಲ್ಲಿದ್ದವರು 2023ರಲ್ಲಿ ಶೇ 76.3 ಪಡೆದು ಆಯ್ಕೆಯಾದರು. ಮೊದಲ ವರ್ಷದ ಮತವೇ ಸತ್ಯ ಅಂದಿದ್ದರೆ ಇವರಿಬ್ಬರೂ ಇವತ್ತು ಹೊರಗಿರುತ್ತಿದ್ದರು.

ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಟ್ರ್ಯಾಮೆಲ್. ಅವರ ಹಿಟ್ 2,365, ವಿಟೇಕರ್‌ಗಿಂತ ನಾಲ್ಕು ಕಡಿಮೆ. ವಿಟೇಕರ್‌ಗಿಂತ ಒಂದು ವರ್ಷ ಜಾಸ್ತಿ ಆಡಿದ್ದರಿಂದ 2002ರಲ್ಲಿ ಪಟ್ಟಿಗೆ ಬಂದರು, ಮೊದಲ ಸಲ ಶೇ 15.7 ಸಿಕ್ಕಿತು. 15 ವರ್ಷ ಪಟ್ಟಿಯಲ್ಲಿ ಉಳಿದರು. ಶೇ 75 ಕೊನೆಗೂ ಬರಲಿಲ್ಲ, 2016ರಲ್ಲಿ ಶೇ 40.9ಕ್ಕೆ ನಿಂತಿತು. ಆದರೆ ಆ ಹದಿನೈದು ವರ್ಷ ಪ್ರತಿ ಚಳಿಗಾಲ ಅವರ ಹೆಸರು ಚರ್ಚೆಯಲ್ಲಿತ್ತು. 2017ರ ಡಿಸೆಂಬರ್‌ನಲ್ಲಿ ಹಳೆಯ ಆಟಗಾರರನ್ನು ಮರುಪರಿಶೀಲಿಸುವ ಸಮಿತಿ ಅವರನ್ನು ಆರಿಸಿತು. ಆ ಸಮಿತಿಯ ಮುಂದಿದ್ದ ಪಟ್ಟಿಯಲ್ಲಿ ವಿಟೇಕರ್ ಹೆಸರೇ ಇರಲಿಲ್ಲ. 2018ರ ಬೇಸಿಗೆಯಲ್ಲಿ ಕೂಪರ್ಸ್‌ಟೌನ್ ವೇದಿಕೆಯ ಮೇಲೆ ನಿಂತ ಟ್ರ್ಯಾಮೆಲ್, ಸಭೆಯಲ್ಲಿ ಕುಳಿತಿದ್ದ ಗೆಳೆಯನನ್ನು ನೋಡಿ, ನೀವೂ ಒಂದು ದಿನ ಇಲ್ಲಿಗೆ ಬರಬೇಕು ಅನ್ನೋದು ನನ್ನ ಆಸೆ ಎಂಬ ಅರ್ಥದ ಮಾತಾಡಿದರು.

ಎರಡನೇ ಬಾಗಿಲು

ಆ ಸಮಿತಿಯಲ್ಲಿ 16 ಜನ, ಆಯ್ಕೆಗೆ 12 ಮತ ಬೇಕು. 2019ರ ಡಿಸೆಂಬರ್‌ನಲ್ಲಿ ವಿಟೇಕರ್ ಹೆಸರು ಕೊನೆಗೂ ಅವರ ಮುಂದೆ ಬಂತು. ಸಿಕ್ಕಿದ್ದು 6 ಮತ. ಟೆಡ್ ಸಿಮನ್ಸ್ ಮತ್ತು ಆಟಗಾರರ ಸಂಘವನ್ನು ಕಟ್ಟಿದ ಮಾರ್ವಿನ್ ಮಿಲ್ಲರ್ ಆಯ್ಕೆಯಾದರು. ಇಬ್ಬರೂ ಅರ್ಹರೇ. ಪಟ್ಟಿಯಲ್ಲಿ 10 ಹೆಸರು ಇದ್ದವು, ಒಬ್ಬ ಸದಸ್ಯ ಹೆಚ್ಚೆಂದರೆ 4 ಹೆಸರಿಗೆ ಮತ ಹಾಕಬಹುದಿತ್ತು. ಒಟ್ಟು 64 ಮತ. ಸಿಮನ್ಸ್ 13, ಮಿಲ್ಲರ್ 12 ಪಡೆದ ಮೇಲೆ ಎಂಟು ಜನಕ್ಕೆ ಹಂಚಲು 39 ಮತ ಉಳಿದವು. ಇಂಥ ಇಕ್ಕಟ್ಟಿನಲ್ಲಿ ಪಡೆದ 6 ಮತವನ್ನು ತಿರಸ್ಕಾರ ಅಂತ ಓದಬಾರದು. ಈಗ ನಿಯಮ ಇನ್ನೂ ಬಿಗಿಯಾಗಿದೆ, 8 ಹೆಸರು, ಒಬ್ಬರಿಗೆ 3 ಮತ.

ಆಮೇಲೆ 1980ರ ನಂತರದ ಆಟಗಾರರ ಸರದಿ ಬಂದದ್ದು 2022ರಲ್ಲಿ ಮತ್ತು 2025ರಲ್ಲಿ. ಎರಡೂ ಸಲ ಎಂಟು ಹೆಸರಿನ ಪಟ್ಟಿಯಲ್ಲಿ ವಿಟೇಕರ್ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಜೆಫ್ ಕೆಂಟ್ ಕೂಡ ಸೆಕೆಂಡ್ ಬೇಸ್‌ಮನ್. 377 ಹೋಮ್ ರನ್ ಹೊಡೆದ, ಆ ಜಾಗದಲ್ಲಿ ಆಡಿದವರಲ್ಲೇ ಅತಿ ಹೆಚ್ಚು ಹೋಮ್ ರನ್‌ಗಳ ದಾಖಲೆ ಇರುವ ಆಟಗಾರ. ಅವರ ವಾರ್ 55.4. ಕೆಂಟ್ ಬಂದದ್ದಕ್ಕೆ ನನ್ನ ತಕರಾರಿಲ್ಲ. 55 ಅಂಕದವರ ವಾದ ಕೇಳಿದ ಸಮಿತಿ ಅದೇ ಜಾಗದಲ್ಲಿ ಆಡಿದ 75 ಅಂಕದವರ ವಾದವನ್ನೂ ಕೇಳಬಹುದಿತ್ತು.

ಡೆಟ್ರಾಯ್ಟ್ ಮಾತ್ರ ಕಾಯಲಿಲ್ಲ. ಟೈಗರ್ಸ್ ಸಾಮಾನ್ಯವಾಗಿ ಹಾಲ್ ಆಫ್ ಫೇಮ್ ಸೇರಿದವರ ಅಂಗಿಯ ಸಂಖ್ಯೆಯನ್ನೇ ಬೇರೆಯವರಿಗೆ ಕೊಡದೆ ಎತ್ತಿಡುವ ತಂಡ. 2022ರ ಆಗಸ್ಟ್ 6ರಂದು ಆ ರೂಢಿಯನ್ನು ಬದಿಗಿಟ್ಟು ವಿಟೇಕರ್ ಅವರ 1ನೇ ಸಂಖ್ಯೆಗೆ ಆ ಗೌರವ ಕೊಟ್ಟಿತು.

ಈ ವಿಷಯದಲ್ಲಿ ನನಗೆ ಅವಸರ ಇದೆ, ಅದಕ್ಕೆ ಕಾರಣವೂ ಇದೆ. ಡಿಕ್ ಆ್ಯಲನ್ 2024ರ ಡಿಸೆಂಬರ್‌ನಲ್ಲಿ ಆಯ್ಕೆಯಾದಾಗ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಜೊತೆ ಆಯ್ಕೆಯಾದ ಡೇವ್ ಪಾರ್ಕರ್ ಸಮಾರಂಭಕ್ಕೆ ಒಂದು ತಿಂಗಳು ಇರುವಾಗ, 2025ರ ಜೂನ್‌ನಲ್ಲಿ ತೀರಿಕೊಂಡರು. 2019ರಲ್ಲಿ ವಿಟೇಕರ್ ಜೊತೆ ಅದೇ ಪಟ್ಟಿಯಲ್ಲಿ 7 ಮತ ಪಡೆದಿದ್ದವರು ಇದೇ ಪಾರ್ಕರ್. ಈಗಿನ ಸರದಿಯಂತೆ ವಿಟೇಕರ್ ಕಾಲದ ಆಟಗಾರರು ಮತ್ತೆ ಸಮಿತಿಯ ಮುಂದೆ ಬರುವುದು 2028ರ ಡಿಸೆಂಬರ್‌ಗೆ. ಆಗ ಅವರಿಗೆ 71 ವರ್ಷ. ಅದಕ್ಕೂ ಮೊದಲು ಆ ಎಂಟು ಹೆಸರುಗಳನ್ನು ಆರಿಸುವ ಪತ್ರಕರ್ತರ ಇನ್ನೊಂದು ಸಮಿತಿ ಕೂರುತ್ತದೆ. ಲೂ ವಿಟೇಕರ್ ಹೆಸರು ಮೊದಲು ಬರೆಯಬೇಕಾದದ್ದು ಅಲ್ಲಿ.